ಕಾಸರಗೋಡಿನ ಪದವಿನಲ್ಲಿ 16 ಇಂಚಿನ ಟೆಲಿಸ್ಕೋಪ್: ಏನು ಕಾಣುತ್ತದೆ, ಯಾವಾಗ ನೋಡಬೇಕು?

ಪೆರ್ಲ ತೋಟ

ನಮ್ಮ ಕಡೆ ದೊಡ್ಡ ಟೆಲಿಸ್ಕೋಪ್ ಇಟ್ಟುಕೊಂಡು ಏನು ಪ್ರಯೋಜನ, ಅರ್ಧ ವರ್ಷ ಮಳೆ, ಉಳಿದರ್ಧ ಮಂಜು ಅಂತ ಹೇಳುವವರೇ ಜಾಸ್ತಿ. ನನ್ನ ಅಭಿಪ್ರಾಯ ಬೇರೆ. ದೂರದ ಗ್ಯಾಲಕ್ಸಿ, ನೀಹಾರಿಕೆ (ಅನಿಲ, ಧೂಳಿನ ಮೋಡ), ಗೋಳಗುಚ್ಛಗಳನ್ನು (ಚೆಂಡಿನ ಹಾಗೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು) ಕಣ್ಣಿನಿಂದಲೇ ನೋಡುವ ಆಸೆ ಇದ್ದರೆ ಕಾಸರಗೋಡು ಒಳ್ಳೆಯ ಜಾಗ. ಕಾರಣ ನಮ್ಮ ಅಕ್ಷಾಂಶ. ನಾವಿರುವುದು ಸುಮಾರು 12.5 ಡಿಗ್ರಿ ಉತ್ತರದಲ್ಲಿ. ಸಪ್ತರ್ಷಿಯ ಕಡೆಯ ಗ್ಯಾಲಕ್ಸಿಗಳೂ ಸಿಗುತ್ತವೆ, ಯುರೋಪಿನವರು ಊರು ಬಿಟ್ಟು ಬಂದು ನೋಡಬೇಕಾದ ದಕ್ಷಿಣದ ಆಕಾಶವೂ ಸಿಗುತ್ತದೆ.

ನನ್ನ ಹತ್ತಿರ ಇರುವುದು 16 ಇಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪ್. ಎಫ್ 4.5, ಅಂದರೆ ನಾಭಿದೂರ ಕನ್ನಡಿಯ ಅಗಲದ ನಾಲ್ಕೂವರೆ ಪಟ್ಟು. ಕನ್ನಡಿಯ ಅಗಲ 406 ಮಿ.ಮೀ. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ 7 ಮಿ.ಮೀ. ಅಂತ ಲೆಕ್ಕ ಹಿಡಿದರೆ ಬರಿಗಣ್ಣಿಗಿಂತ 3,300 ಪಟ್ಟಿಗೂ ಹೆಚ್ಚು ಬೆಳಕು ಸೇರಿಸುತ್ತದೆ. ಕೊಳವೆ ಇಲ್ಲ, ಎಂಟು ಕಂಬಿ ಜೋಡಿಸಿ ಮೇಲೆ ಕರಿಬಟ್ಟೆ ಹೊದಿಸುವ ರೀತಿಯದ್ದು. ಬಿಚ್ಚಿದರೆ ಓಮ್ನಿಯಲ್ಲಿ ಹಿಡಿಸುತ್ತದೆ, ಆದರೆ ಕನ್ನಡಿಯ ಪೆಟ್ಟಿಗೆ ಎತ್ತಲು ಇಬ್ಬರು ಬೇಕು.

ಈ ವರ್ಷ ಡಿಸೆಂಬರಿನಿಂದ ಏಪ್ರಿಲ್ ತನಕ ಅಮಾವಾಸ್ಯೆಯ ಹತ್ತಿರದ ಶನಿವಾರಗಳಲ್ಲಿ ಪದವಿಗೆ (ಮುರಕಲ್ಲಿನ ಎತ್ತರದ ಬಯಲಿಗೆ) ಹೋಗುವ ಯೋಚನೆ ಇದೆ. ಯಾರಿಗೆಲ್ಲ ಆಸಕ್ತಿ ಇದೆ? ಏನು ಪ್ರಶ್ನೆ ಇದ್ದರೂ ಕೇಳಿ.

ಉಪ್ಪಳ ಕ್ಯಾಮೆರಾ

ಅಣ್ಣ, ನೇರವಾಗಿಯೇ ಕೇಳುತ್ತೇನೆ. ಈಗ ಸೀಸ್ಟಾರ್ ತರಹದ, ತಾನೇ ಫೋಟೋ ತೆಗೆಯುವ 50 ಮಿ.ಮೀ. ಟೆಲಿಸ್ಕೋಪ್ ಟೆರೇಸಿನಲ್ಲಿಟ್ಟರೆ ಹತ್ತು ನಿಮಿಷದಲ್ಲಿ ಮೊಬೈಲಿಗೆ ಬಣ್ಣದ ಚಿತ್ರ ಬರುತ್ತದೆ. ನಿಮ್ಮ ಅಷ್ಟು ದೊಡ್ಡ ಟೆಲಿಸ್ಕೋಪಿನಲ್ಲಿ ಬಗ್ಗಿ ನೋಡಿದರೆ ಬೂದು ಬಣ್ಣದ ಮಬ್ಬು ಮಾತ್ರ ಅಲ್ವಾ? ಅದಕ್ಕೆ ಅಷ್ಟು ಭಾರ ಹೊರಬೇಕಾ?

ಪೆರ್ಲ ತೋಟ

ಕೇಳಿದ್ದು ಒಳ್ಳೆಯದಾಯಿತು. ಬೂದು ಬಣ್ಣ ಹೌದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಹಿಡಿಯುವ ಕೋಶಗಳು ಕೆಲಸ ಮಾಡುವುದಿಲ್ಲ. ಮೃಗಶಿರದ ಕೆಳಗಿನ ಎಂ 42 ನೀಹಾರಿಕೆ (ಎಂ ಅಂದರೆ ಫ್ರಾನ್ಸಿನ ಮೆಸ್ಸಿಯೇ ಮಾಡಿದ ಪಟ್ಟಿಯ ಸಂಖ್ಯೆ) ಮಾತ್ರ ತಿಳಿಹಸಿರು ಕಾಣುತ್ತದೆ, ಕೆಲವು ಗ್ರಹನೀಹಾರಿಕೆಗಳು (ಸಾಯುವ ನಕ್ಷತ್ರ ಹೊರಚೆಲ್ಲಿದ ಅನಿಲ) ನೀಲಿ ಮಿಶ್ರಿತ ಹಸಿರು. ಗ್ಯಾಲಕ್ಸಿಗಳಲ್ಲಿ ಬಣ್ಣ ಹುಡುಕಬಾರದು.

ಆದರೆ "ಮಬ್ಬು ಮಾತ್ರ" ಅನ್ನುವುದನ್ನು ಒಪ್ಪಲಾರೆ. ಎಂಟು ಇಂಚಿನಲ್ಲಿ ಎಂ 51 ಗ್ಯಾಲಕ್ಸಿ ಎರಡು ಮಸುಕು ಚುಕ್ಕೆ. ಹದಿನಾರರಲ್ಲಿ, ಒಳ್ಳೆಯ ರಾತ್ರಿ, ಅದರ ಸುರುಳಿ ತೋಳುಗಳು ಸುತ್ತಿಕೊಂಡಿರುವುದು ಗೊತ್ತಾಗುತ್ತದೆ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತನ್ನ 72 ಇಂಚಿನ ಟೆಲಿಸ್ಕೋಪಿನಲ್ಲಿ ಇದೇ ಸುರುಳಿಯನ್ನು ಮೊದಲ ಸಲ ಗುರುತಿಸಿ ಚಿತ್ರ ಬರೆದ. ಆಗ ಇಷ್ಟು ಮಂದ ವಸ್ತುವಿನ ಫೋಟೋ ತೆಗೆಯಲು ಆಗುತ್ತಿರಲಿಲ್ಲ. ಅವನು ನೋಡಿದ್ದೂ ಇದೇ ಬೂದು ಬಣ್ಣವನ್ನೇ.

ಸೀಸ್ಟಾರನ್ನು ನಾನು ಕಡೆಗಣಿಸುತ್ತಿಲ್ಲ, ಅದರಲ್ಲಿ ಒಳ್ಳೆಯ ಕೆಲಸ ಮಾಡುವವರಿದ್ದಾರೆ. ಆದರೆ ಅದರ ಚಿತ್ರ ಸೆನ್ಸರ್ ಸೇರಿಸಿಟ್ಟ ಬೆಳಕು. ಎಂ 87 ಗ್ಯಾಲಕ್ಸಿಯಿಂದ ಹೊರಟ ಬೆಳಕು ಸುಮಾರು 5.4 ಕೋಟಿ ವರ್ಷ ದಾರಿ ಸವೆಸಿ ಬರುತ್ತದೆ. ಭಾರತದ ನೆಲ ಏಷ್ಯಾಕ್ಕೆ ತಾಗಿ ಹಿಮಾಲಯ ಏಳಲು ಶುರುವಾದದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅಷ್ಟು ಹಳೆಯ ಬೆಳಕು ಕೊನೆಗೆ ಬಂದು ನನ್ನ ಕಣ್ಣಿಗೇ ಬೀಳಬೇಕು. ಅದಕ್ಕಾಗಿ ಭಾರ ಹೊರುವುದು ನನಗೆ ಹೆಚ್ಚಲ್ಲ.

ಮುಳ್ಳೇರಿಯ ಮಾಸ್ಟ್ರು

ಒಂದು ವಿಷಯ ಸೇರಿಸುತ್ತೇನೆ. ಮಕ್ಕಳಿಗೆ ಹೇಳಿಕೊಡುವಾಗ ನಾನು ಒತ್ತಿ ಹೇಳುತ್ತಿದ್ದ ವಿಷಯ ಇದು, ದೊಡ್ಡವರಿಗೂ ಬೇಗ ತಲೆಗೆ ಹೋಗುವುದಿಲ್ಲ.

ದೊಡ್ಡ ಟೆಲಿಸ್ಕೋಪ್ ನಕ್ಷತ್ರವನ್ನು ಹೆಚ್ಚು ಪ್ರಕಾಶಮಾನವಾಗಿ ತೋರಿಸುತ್ತದೆ, ನಿಜ. ಆದರೆ ಹರಡಿಕೊಂಡಿರುವ ವಸ್ತು, ಅಂದರೆ ಗ್ಯಾಲಕ್ಸಿ ಅಥವಾ ನೀಹಾರಿಕೆ, ಅದರ ಮೇಲ್ಮೈ ಬೆಳಕು ಬರಿಗಣ್ಣಿಗೆ ಎಷ್ಟೋ ಅದಕ್ಕಿಂತ ಹೆಚ್ಚಾಗುವುದಿಲ್ಲ. ಯಾವ ಟೆಲಿಸ್ಕೋಪಿನಿಂದಲೂ ಆಗುವುದಿಲ್ಲ. ಹಾಗಾದರೆ ದೊಡ್ಡ ಕನ್ನಡಿಯಿಂದ ಸಿಗುವುದೇನು? ಅಷ್ಟೇ ಬೆಳಕಿನಲ್ಲಿ ವಸ್ತು ತುಂಬ ದೊಡ್ಡದಾಗಿ ಕಾಣುತ್ತದೆ. ಮಂದ ವಸ್ತು ಸಣ್ಣದಿದ್ದರೆ ನಮ್ಮ ಕಣ್ಣಿಗೆ ತಪ್ಪಿಹೋಗುತ್ತದೆ, ದೊಡ್ಡದಾಗಿದ್ದರೆ ಕಣ್ಣು ಹಿಡಿಯುತ್ತದೆ. ಗುಟ್ಟು ಇಷ್ಟೇ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಪೇಟೆಯ ಬೆಳಕು ಆಕಾಶವನ್ನು ಬೆಳಗಿಸಿದರೆ ಟೆಲಿಸ್ಕೋಪಿನೊಳಗೆ ಆ ಬೆಳಕೂ ಬರುತ್ತದೆ. ಗ್ಯಾಲಕ್ಸಿಗೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು ಕನ್ನಡಿ ದೊಡ್ಡದು ಮಾಡಿ ಹೆಚ್ಚಿಸಲು ಆಗುವುದಿಲ್ಲ. ಗ್ಯಾಲಕ್ಸಿ ನೋಡಲು ಕಾಸರಗೋಡು ಪೇಟೆಯ ಟೆರೇಸಿನ 16 ಇಂಚಿಗಿಂತ ಅಡೂರಿನ ಗುಡ್ಡದ 8 ಇಂಚು ಮೇಲು. ಯಾರಾದರೂ ದುಡ್ಡು ಹಾಕುವ ಮೊದಲು ಇದನ್ನು ಯೋಚಿಸಲಿ.

ಬೆಂಗಳೂರಿನ ಬದಿಯಡ್ಕದವ

ಮಾಸ್ಟ್ರು ಹೇಳಿದ್ದಕ್ಕೆ ನಾನು ಸಾಕ್ಷಿ. ನನ್ನ 8 ಇಂಚು ಬೆಂಗಳೂರಿನಲ್ಲಿ ಚಂದ್ರ, ಶನಿ, ಗುರು ಬಿಟ್ಟರೆ ಬೇರೇನಕ್ಕೂ ಒದಗುವುದಿಲ್ಲ. ರಜೆಗೆ ಊರಿಗೆ ತಂದಾಗ ಅದೇ ಟೆಲಿಸ್ಕೋಪ್ ಬೇರೆಯದೇ ಅನ್ನಿಸುತ್ತದೆ.

ಆದರೆ ಊರೂ ಮೊದಲಿನ ಹಾಗಿಲ್ಲ ಮಾರಾಯ್ರೇ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಪಶ್ಚಿಮದ ಬಾನಂಚು ಬೆಳ್ಳಗಾಗಿದೆ. ಪೊಸಡಿ ಗುಂಪೆ ಹತ್ತಿದರೆ ವಾಯವ್ಯದಲ್ಲಿ ಮಂಗಳೂರಿನ ಬೆಳಕು ಗುಮ್ಮಟ ಕಟ್ಟಿರುತ್ತದೆ. ಕಡಲಿನ ಮೇಲೆ ಮೀನುಗಾರಿಕೆ ದೋಣಿಗಳ ದೀಪ. ನೀವು ಹೋಗುವ ಪದವು ಯಾವ ಕಡೆ?

ಪೆರ್ಲ ತೋಟ

ಪೊಸಡಿ ಗುಂಪೆ ಸೂರ್ಯಾಸ್ತಕ್ಕೆ ಚೆಂದ, ಗ್ಯಾಲಕ್ಸಿಗೆ ಅಲ್ಲ. ನಾವು ಹೋಗುವುದು ಮುಳ್ಳೇರಿಯ ದಾಟಿ ದೇಲಂಪಾಡಿ ಕಡೆಗೆ. ಅಲ್ಲಿ ದಕ್ಷಿಣಕ್ಕೂ ಆಗ್ನೇಯಕ್ಕೂ ಕಾಡುಗುಡ್ಡ. ನಮ್ಮ ಮುಖ್ಯ ಕೆಲಸ ಇರುವುದು ದಕ್ಷಿಣದಲ್ಲಿ, ಹಾಗಾಗಿ ಆ ದಿಕ್ಕು ಕತ್ತಲಾಗಿದ್ದರೆ ಸಾಕು. ಉತ್ತರದಲ್ಲಿ ಸ್ವಲ್ಪ ಬೆಳಕಿದ್ದರೂ ನಡೆಯುತ್ತದೆ.

ಪದವಿನ ಬಗ್ಗೆ ಒಂದು ಎಚ್ಚರಿಕೆ. ಬರೀ ಮುರಕಲ್ಲಿನ ಪಾರೆಯ ಮೇಲೆ ಟೆಲಿಸ್ಕೋಪ್ ಇಡಬೇಡಿ. ಹಗಲಿಡೀ ಕಾದ ಕಲ್ಲು ರಾತ್ರಿ ಹತ್ತರ ತನಕ ಬಿಸಿ ಬಿಡುತ್ತಲೇ ಇರುತ್ತದೆ. ಆ ಗಾಳಿ ಏಳುವಾಗ ನಕ್ಷತ್ರಗಳು ಕುದಿಯುತ್ತವೆ, ದೊಡ್ಡ ಕನ್ನಡಿಗೆ ಈ ಕಾಟ ಇನ್ನೂ ಜಾಸ್ತಿ. ಪಾರೆಯ ಅಂಚಿನಲ್ಲಿ ಮುಳಿಹುಲ್ಲು ಇರುವ ಮಣ್ಣಿನ ಜಾಗ ನೋಡಿ ಇಡಬೇಕು. ಸೂರ್ಯ ಮುಳುಗುವ ಮೊದಲೇ ಕನ್ನಡಿಯ ಮುಚ್ಚಳ ತೆಗೆದು ಹಿಂಬದಿಯ ಸಣ್ಣ ಫ್ಯಾನ್ ಹಾಕಿಟ್ಟರೆ ಎಂಟೂವರೆ ಒಂಬತ್ತರ ಹೊತ್ತಿಗೆ ಕನ್ನಡಿ ಹೊರಗಿನ ಗಾಳಿಯ ತಂಪಿಗೆ ಬರುತ್ತದೆ.

ನೀರ್ಚಾಲು ಹುಡುಗಿ

ನಾನು ಡಿಗ್ರಿ ಎರಡನೇ ವರ್ಷ, ಫಿಸಿಕ್ಸ್. ಟೆಲಿಸ್ಕೋಪಿನಲ್ಲಿ ಈವರೆಗೆ ಚಂದ್ರನನ್ನು ಮಾತ್ರ ನೋಡಿದ್ದೇನೆ. ಅಣ್ಣ, ನಮ್ಮ ಊರಿನಿಂದಲೇ ಸಿಗುವ, ಯುರೋಪಿನವರಿಗೆ ಸಿಗದ ಅಂತ ಹೇಳಿದಿರಲ್ಲ, ಅದರಲ್ಲಿ ಮೊದಲು ಯಾವುದನ್ನು ನೋಡಬೇಕು? ನಾನು ಮೊದಲೇ ಓದಿಕೊಂಡು ಬರುತ್ತೇನೆ.

ಪೆರ್ಲ ತೋಟ

ಓದಿಕೊಂಡು ಬರುವವರು ಬೇಕು ತಂಗಿ, ನೀನು ಖಂಡಿತ ಬಾ.

ನನ್ನ ಮಟ್ಟಿಗೆ ವರ್ಷದ ಅತಿ ಒಳ್ಳೆಯ ದಾರಿ ಶುರುವಾಗುವುದು ಚಿತ್ರಾ ನಕ್ಷತ್ರದಿಂದ. ವಿಷುವಿನ ಹೊತ್ತಿಗೆ ಚಿತ್ರಾ ರಾತ್ರಿ ಹನ್ನೆರಡೂವರೆ ಸುಮಾರಿಗೆ ದಕ್ಷಿಣದಲ್ಲಿ ಎತ್ತರಕ್ಕೆ ಬರುತ್ತದೆ, ನೆತ್ತಿಗಿಂತ ಸ್ವಲ್ಪ ಕೆಳಗೆ. ಮಾರ್ಚ್ ಮಧ್ಯದಲ್ಲಾದರೆ ಎರಡೂವರೆಗೆ. ದಕ್ಷಿಣಕ್ಕೆ ಮುಖ ಮಾಡಿ ನಿಂತುಕೋ. ಕೈ ಚಾಚಿ ಹಿಡಿದ ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಚಿತ್ರಾದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿದರೆ ಬರಿಗಣ್ಣಿಗೇ ಒಂದು ಮಸುಕಾದ ನಕ್ಷತ್ರ ಕಾಣುತ್ತದೆ. ಅದು ನಕ್ಷತ್ರ ಅಲ್ಲ. ಒಮೆಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಗುಚ್ಛ, 17,000 ಜ್ಯೋತಿರ್ವರ್ಷ ದೂರ. ಪ್ರಾಚೀನ ಕಾಲದ ಖಗೋಳಜ್ಞ ಟಾಲೆಮಿ ಅದನ್ನು ನಕ್ಷತ್ರ ಅಂತಲೇ ಪಟ್ಟಿ ಮಾಡಿದ್ದ. ಅದು ನಕ್ಷತ್ರ ಅಲ್ಲ ಅಂತ 1677ರಲ್ಲಿ ಗುರುತಿಸಿದವನು ಎಡ್ಮಂಡ್ ಹ್ಯಾಲಿ, ಅದೂ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ಮೆಸ್ಸಿಯೇಯ 110 ವಸ್ತುಗಳ ಪಟ್ಟಿಯಲ್ಲಿ ಆಕಾಶದ ಅತಿ ದೊಡ್ಡ ಗೋಳಗುಚ್ಛ ಇಲ್ಲದಿರಲು ಕಾರಣವೂ ಅದೇ, ಅವನು ನೋಡುತ್ತಿದ್ದದ್ದು ಪ್ಯಾರಿಸಿನಿಂದ. ನಮಗೆ ಅದು 30 ಡಿಗ್ರಿ ಎತ್ತರಕ್ಕೆ ಏರುತ್ತದೆ.

16 ಇಂಚಿನಲ್ಲಿ 183 ಪಟ್ಟು ದೊಡ್ಡದು ಮಾಡಿ ನೋಡಿದರೆ ಕರಿಬಟ್ಟೆಯ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಅಂಚಿನಿಂದ ಅಂಚಿಗೆ ನಕ್ಷತ್ರ. ನಡುವಿನಲ್ಲೂ ಮಬ್ಬಿಲ್ಲ, ಅಲ್ಲಿಯೂ ಬಿಡಿಬಿಡಿ ಚುಕ್ಕೆ. ಮೊದಲ ಸಲ ನೋಡುವವರು ಐಪೀಸಿನಿಂದ (ಕಣ್ಣಿಟ್ಟು ನೋಡುವ ಮಸೂರ) ಕಣ್ಣು ತೆಗೆಯುವುದೇ ಇಲ್ಲ, ಹಿಂದೆ ಸಾಲು ನಿಂತವರು ಕಾಯಬೇಕು.

ಈಗ ಅದರಿಂದ ಅರ್ಧ ಮುಷ್ಟಿಗಿಂತ ಕಡಿಮೆ ಮೇಲೆ ಬಾ, ಚಿತ್ರಾದ ಅದೇ ಗೆರೆಯಲ್ಲಿ. ಅಲ್ಲಿ ಸೆಂಟಾರಸ್ ಎ ಗ್ಯಾಲಕ್ಸಿ, ಎನ್‌ಜಿಸಿ ಅನ್ನುವ ಪಟ್ಟಿಯಲ್ಲಿ 5128. 1826ರಲ್ಲಿ ಜೇಮ್ಸ್ ಡನ್‌ಲಪ್ ಆಸ್ಟ್ರೇಲಿಯಾದಿಂದ ಕಂಡುಹಿಡಿದದ್ದು. ಇದೊಂದನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡುತ್ತೇನೆ. ಮೊದಲು ದುಂಡನೆಯ ಮಂಜು ಕಾಣುತ್ತದೆ. ಸ್ವಲ್ಪ ಹೊತ್ತು ಕಣ್ಣಿಟ್ಟರೆ ಅದು ಎರಡು ಹೋಳಾಗಿರುವುದು ಗೊತ್ತಾಗುತ್ತದೆ. ಇನ್ನೂ ಹೊತ್ತು ನಿಂತರೆ ನಡುವಿನ ಕಪ್ಪು ಪಟ್ಟಿಯ ಅಂಚುಗಳು ನೇರ ಅಲ್ಲ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಅಂತ ತಿಳಿಯುತ್ತದೆ. ಆ ಪಟ್ಟಿ ಧೂಳು. ದೊಡ್ಡ ಗ್ಯಾಲಕ್ಸಿಯೊಂದು ಇನ್ನೊಂದನ್ನು ಒಳಗೆ ಸೇರಿಸಿಕೊಂಡಾಗ ಉಳಿದದ್ದು ಅಂತ ಖಗೋಳ ವಿಜ್ಞಾನಿಗಳು ಹೇಳುತ್ತಾರೆ. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ.

ಅದೇ ಗೆರೆಯಲ್ಲಿ ಚಿತ್ರಾಕ್ಕೂ ಇದಕ್ಕೂ ನಡುವೆ, ಸ್ವಲ್ಪ ಎಡಕ್ಕೆ ಎಂ 83. ಸುರುಳಿ ಗ್ಯಾಲಕ್ಸಿ, ಅಡ್ಡಪಟ್ಟಿಯೂ ಕಾಣುತ್ತದೆ. ಚಿತ್ರಾದಿಂದ ಬಲಕ್ಕೆ ಒಂದು ಮುಷ್ಟಿ ಹೋದರೆ ಎಂ 104, ಅಂಚಿನಿಂದ ನೋಡುವ ಗ್ಯಾಲಕ್ಸಿ, ಅದಕ್ಕೂ ಕಪ್ಪು ಗೆರೆ ಇದೆ.

ಮುಳ್ಳೇರಿಯ ಮಾಸ್ಟ್ರು

ನೀರ್ಚಾಲಿನ ಮಗಳಿಗೆ ಒಂದು ಮಾತು. ನೋಡುವ ಕಲೆ ಬೇರೆಯೇ ಕಲಿಯಬೇಕು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಒಂದೇ ಒಂದು ಸಲ ಮೊಬೈಲ್ ಬಿಚ್ಚಿದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಕೆಂಪು ದೀಪ ಮಾತ್ರ, ಅದೂ ಮಂದವಾಗಿ.

ಎರಡನೆಯದು, ವಸ್ತುವನ್ನು ನೇರ ನೋಡಬಾರದು. ನೋಟದ ನಡುಮಧ್ಯದಲ್ಲಿ ಮಂದ ಬೆಳಕು ಹಿಡಿಯುವ ಕೋಶಗಳು ಇಲ್ಲ, ಅವು ಸುತ್ತ ಇವೆ. ಗ್ಯಾಲಕ್ಸಿಯ ಸ್ವಲ್ಪ ಪಕ್ಕಕ್ಕೆ ನೋಟ ಇಟ್ಟರೆ ಓರೆಗಣ್ಣಿಗೆ ಗ್ಯಾಲಕ್ಸಿ ಎದ್ದು ಬರುತ್ತದೆ. ಕಾಣದಿದ್ದರೆ ಟೆಲಿಸ್ಕೋಪಿನ ಅಂಚನ್ನು ಬೆರಳಿನಿಂದ ಮೆಲ್ಲ ತಟ್ಟಬೇಕು. ಅಲುಗುವ ವಸ್ತುವನ್ನು ಕಣ್ಣು ಬೇಗ ಹಿಡಿಯುತ್ತದೆ.

ಮೂರನೆಯದು, ಕಾಗದ ಪೆನ್ಸಿಲು ತಾ. ಕಂಡದ್ದನ್ನು ಬರೆ. ಬರೆಯಲು ಕೂತಾಗಲೇ ನಾವು ಸರಿಯಾಗಿ ನೋಡುವುದು.

ಬೇಕಲ ಗಾಳಿ

ನಮ್ಮ ಮನೆ ಕಡಲಿಗೆ ಹತ್ತಿರ. ಗೇಟಿನ ಕಬ್ಬಿಣ ಎರಡು ಮಳೆಗಾಲಕ್ಕೆ ತುಕ್ಕು. ಇಂಥಾ ಗಾಳಿಯಲ್ಲಿ ಟೆಲಿಸ್ಕೋಪಿನ ಕನ್ನಡಿ ಉಳಿಯುತ್ತದಾ? ಬೈನಾಕ್ಯುಲರಿನೊಳಗೆ ಬೂಸ್ಟು ಬಂದು ಹಾಳಾದದ್ದು ನೋಡಿದ್ದೇನೆ.

ಪೆರ್ಲ ತೋಟ

ಹೆದರುವುದು ಸಹಜ, ನಮ್ಮ ಕಡೆ ದೊಡ್ಡ ಶತ್ರು ಬೂಸ್ಟೇ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನು ಮರೆಯಬಾರದು.

ಕನ್ನಡಿಯ ವಿಷಯ ಬೇರೆ. ಅದರ ಅಲ್ಯೂಮಿನಿಯಂ ಲೇಪನ ಗಾಜಿನ ಮುಂಬದಿಯಲ್ಲೇ ಇರುತ್ತದೆ. ಉಪ್ಪು ಗಾಳಿ ಮತ್ತು ತೇವ ಸೇರಿದರೆ ಲೇಪನ ಸವೆಯುತ್ತದೆ. ರಾತ್ರಿ ಇಬ್ಬನಿ ಬಿದ್ದ ಕನ್ನಡಿಯನ್ನು ಹಾಗೇ ಮುಚ್ಚಿ ಪೆಟ್ಟಿಗೆಗೆ ಹಾಕಬೇಡಿ. ಮನೆಗೆ ತಂದು ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ ಆಮೇಲೆ ಮುಚ್ಚಬೇಕು. ಬಟ್ಟೆಯಿಂದ ಒರೆಸಲೇಬಾರದು. ತೊಳೆಯುವುದಿದ್ದರೆ ಡಿಸ್ಟಿಲ್ಡ್ ನೀರು, ಒಂದು ಹನಿ ಸೌಮ್ಯ ಸೋಪು, ಹತ್ತಿ, ಒತ್ತಡ ಇಲ್ಲದೆ. ಲೇಪನ ಹೋದರೂ ಗಾಜಿಗೇನೂ ಆಗುವುದಿಲ್ಲ, ಹೊಸದಾಗಿ ಹಾಕಿಸಬಹುದು. ಕಡಲ ಬದಿಯ ಮನೆಯಾದರೆ ಸಾಮಾನು ಒಳಗಿಟ್ಟು ನೋಡಲು ಮಾತ್ರ ಪೂರ್ವಕ್ಕೆ ಬನ್ನಿ.

ಜನವರಿಯಲ್ಲಿ ಇಬ್ಬನಿ ಇನ್ನೂ ತೊಂದರೆ. ಮೇಲಿನ ಸಣ್ಣ ಕನ್ನಡಿ ಮೊದಲು ಮಂಜಾಗುತ್ತದೆ. ಕರಿಬಟ್ಟೆ ಹೊದಿಸಿದರೆ ಸ್ವಲ್ಪ ತಡೆಯುತ್ತದೆ. ಸಣ್ಣ ಕನ್ನಡಿಯ ಹಿಂದೆ 12 ವೋಲ್ಟಿನ ಹೀಟರ್ ಪಟ್ಟಿ ಅಂಟಿಸಿ ಬ್ಯಾಟರಿಗೆ ಕೊಟ್ಟರೆ ರಾತ್ರಿಯಿಡೀ ನಿಶ್ಚಿಂತೆ.

ಬೆಂಗಳೂರಿನ ಬದಿಯಡ್ಕದವ

ಕವಲೂರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತಮಿಳುನಾಡಿನ ಜವ್ವಾದು ಬೆಟ್ಟದಲ್ಲಿರುವ ವೈನು ಬಾಪು ವೀಕ್ಷಣಾಲಯ, 2.34 ಮೀಟರ್ ಟೆಲಿಸ್ಕೋಪ್. ಅದರ ಅಕ್ಷಾಂಶ ನಮ್ಮದಕ್ಕೆ ಹೆಚ್ಚುಕಡಿಮೆ ಸಮ. ದಕ್ಷಿಣದ ಆಕಾಶವೂ ಸಿಗಲಿ ಅಂತಲೇ ಖಗೋಳ ವಿಜ್ಞಾನಿ ವೈನು ಬಾಪು ಅಲ್ಲಿ ಜಾಗ ಹುಡುಕಿದ್ದು. 1977ರಲ್ಲಿ ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ಬಳೆಗಳ ಸುಳಿವು ಕವಲೂರಿನ 1 ಮೀಟರ್ ಟೆಲಿಸ್ಕೋಪಿಗೂ ಸಿಕ್ಕಿತ್ತು. ಅಲ್ಲಿಂದ ಕಾಣುವ ಆಕಾಶವೇ ನಮ್ಮ ಪದವಿನ ಮೇಲೂ ಇರುವುದು.

ಉಪ್ಪಳ ಕ್ಯಾಮೆರಾ

ಅಣ್ಣ, ನಾನು ಬರುತ್ತೇನೆ. ಸೀಸ್ಟಾರ್ ಕೂಡ ತರುತ್ತೇನೆ, ಸ್ಕ್ರೀನ್ ಓಮ್ನಿಯೊಳಗೆ ಮುಚ್ಚಿಟ್ಟು. ಆದರೆ ಎಂ 87 ಅಂದಿರಲ್ಲ, ಅದು ಕಣ್ಣಿಗೆ ಹೇಗೆ ಕಾಣುತ್ತದೆ? 2019ರಲ್ಲಿ ಕಪ್ಪುರಂಧ್ರದ ಚಿತ್ರ ಬಂದದ್ದು ಅದರದ್ದೇ ಅಲ್ವಾ?

ಪೆರ್ಲ ತೋಟ

ಅದೇ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಚಿತ್ರ. ಸೂರ್ಯನ 650 ಕೋಟಿ ಪಟ್ಟು ತೂಕದ ಕಪ್ಪುರಂಧ್ರ. ಕಣ್ಣಿಗೆ ಎಂ 87 ದುಂಡಗಿನ, ನಡು ಹೊಳೆಯುವ ಮಂಜು. ಅದರ ನಡುವಿನಿಂದ ಚಿಮ್ಮುವ ವಸ್ತುವಿನ ಗೆರೆಯನ್ನು (ಜೆಟ್) 1918ರಲ್ಲಿ ಹೀಬರ್ ಕರ್ಟಿಸ್ ಲಿಕ್ ವೀಕ್ಷಣಾಲಯದಲ್ಲಿ ಗುರುತಿಸಿದ. ನನ್ನ ಟೆಲಿಸ್ಕೋಪಿನಲ್ಲಿ ಅದು ಕಂಡಿಲ್ಲ.

ಆದರೆ ನಮ್ಮ ಊರಿಗೂ ಎಂ 87ಕ್ಕೂ ಒಂದು ವಿಶೇಷ ಸಂಬಂಧ ಇದೆ. ಅದು ಆಕಾಶದ ಸಮಭಾಜಕದಿಂದ (ಭೂಮಧ್ಯರೇಖೆಯ ನೇರ ಮೇಲಿನ ಗೆರೆ) 12.4 ಡಿಗ್ರಿ ಉತ್ತರದಲ್ಲಿದೆ. ನಾವಿರುವುದು 12.5. ಅಂದರೆ ಮಾರ್ಚ್ ಕೊನೆಯಲ್ಲಿ ರಾತ್ರಿ ಹನ್ನೆರಡೂವರೆ ಸುಮಾರಿಗೆ ಎಂ 87 ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಅದರ ಸುತ್ತ ಕನ್ಯಾ ಗುಚ್ಛದ ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳು. ವಾತಾವರಣ ಅತ್ಯಂತ ತೆಳುವಾಗಿರುವ ಜಾಗದಲ್ಲಿ ಅವೆಲ್ಲ ಬಂದು ನಿಲ್ಲುತ್ತವೆ. ಇಂಥಾ ಅನುಕೂಲ ದೆಹಲಿಗೂ ಇಲ್ಲ, ಲಡಾಖಿಗೂ ಇಲ್ಲ.

ಒಂದು ತೊಡಕು ಮಾತ್ರ ಇದೆ. ಡಾಬ್ಸೋನಿಯನ್ ನೆತ್ತಿಗೆ ತಿರುಗಿಸಿದಾಗ ಸುಲಭಕ್ಕೆ ಮಣಿಯುವುದಿಲ್ಲ. ಎಡ ಬಲಕ್ಕೆ ತಿರುಗಿಸಿದರೆ ಅದು ತನ್ನ ಸುತ್ತ ತಾನೇ ಸುತ್ತುತ್ತದೆ, ವಸ್ತು ಜಾರಿಹೋಗುತ್ತದೆ. ಹಾಗಾಗಿ ಒಂದು ಗಂಟೆ ಮೊದಲು, ಪೂರ್ವದಲ್ಲಿ 75 ಡಿಗ್ರಿ ಎತ್ತರದಲ್ಲಿರುವಾಗಲೇ ನೋಡಬೇಕು. ಇಲ್ಲವಾದರೆ ನೆತ್ತಿ ದಾಟಿ ಒಂದು ಗಂಟೆ ಆದ ಮೇಲೆ.

ಮೊದಲು 59 ಪಟ್ಟಿನ ಅಗಲ ಐಪೀಸು ಹಾಕಿ ಎಂ 84, ಎಂ 86 ಹಿಡಿಯುತ್ತೇನೆ. ಎರಡು ದುಂಡು ಮಂಜು ಪಕ್ಕಪಕ್ಕ. ಒಂದು ನಿಮಿಷ ಸುಮ್ನೆ ನೋಡುತ್ತಿದ್ದರೆ ಅವುಗಳ ನಡುವೆ ಕೆಳಗೊಂದು, ಮೇಲೊಂದು ಸಣ್ಣ ಗೀಟು ಹೊರಬರುತ್ತದೆ. ಆಮೇಲೆ ಪಕ್ಕದಲ್ಲಿ ಎರಡು ಕಣ್ಣುಗಳ ಹಾಗಿರುವ ಎನ್‌ಜಿಸಿ 4435, 4438. ಒಂದೇ ನೋಟದಲ್ಲಿ ಏಳೆಂಟು ಗ್ಯಾಲಕ್ಸಿ. ಅಲ್ಲಿಂದ ಮಾರ್ಕೇರಿಯನ್ ಸರಪಳಿ ಅನ್ನುವ ಈ ಗ್ಯಾಲಕ್ಸಿಗಳ ಸಾಲು ಹಿಡಿದು ಮುಂದೆ ಹೋಗಬಹುದು.

ನೀರ್ಚಾಲು ಹುಡುಗಿ

ಡಾಬ್ಸೋನಿಯನ್ ಅಂತ ಯಾಕೆ ಹೆಸರು?

ಮುಳ್ಳೇರಿಯ ಮಾಸ್ಟ್ರು

ಜಾನ್ ಡಾಬ್ಸನ್ ಅವರಿಂದ. ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯ ಮಠದಲ್ಲಿ 23 ವರ್ಷ ಸನ್ಯಾಸಿಯಾಗಿದ್ದರು. ದುಡ್ಡಿಲ್ಲದೆ ಹಳೆಯ ಗಾಜು, ಮರದ ಹಲಗೆ, ರಟ್ಟಿನ ಕೊಳವೆಗಳಿಂದ ದೊಡ್ಡ ಟೆಲಿಸ್ಕೋಪ್ ಮಾಡಿದರು. 1967ರಲ್ಲಿ ಮಠ ಬಿಟ್ಟ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು ದಾರಿಹೋಕರಿಗೆ ತೋರಿಸುತ್ತಿದ್ದರು. 2014ರಲ್ಲಿ ತೀರಿಕೊಂಡರು. ದೊಡ್ಡ ಕನ್ನಡಿ ನಮ್ಮಂಥವರ ಕೈಗೆ ಎಟುಕಿದ್ದು ಅವರಿಂದ.

ಬೇಕಲ ಗಾಳಿ

ಫಿಲ್ಟರ್ ಬೇಕಾ?

ಪೆರ್ಲ ತೋಟ

ನೀಹಾರಿಕೆಗೆ ಬೇಕು, ಗ್ಯಾಲಕ್ಸಿಗೆ ಬೇಡ. ಓ-ಥ್ರೀ ಫಿಲ್ಟರ್ ಆಮ್ಲಜನಕದ ಎರಡು ಗೆರೆಗಳನ್ನು, 496 ಮತ್ತು 501 ನ್ಯಾನೋಮೀಟರ್, ಮಾತ್ರ ಬಿಟ್ಟು ಉಳಿದ ಬೆಳಕು ತಡೆಯುತ್ತದೆ. ಹಂಸ ರಾಶಿಯ ವೇಲ್ ನೀಹಾರಿಕೆ ಫಿಲ್ಟರ್ ಹಾಕಿದ ತಕ್ಷಣ ನೂಲುನೂಲಾಗಿ ಬಿಚ್ಚಿಕೊಳ್ಳುತ್ತದೆ. ನಮಗೆ ಅದು ಸಿಗುವುದು ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಿನ ಸಂಜೆ. ಗ್ಯಾಲಕ್ಸಿಯ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣವೂ ಇರುತ್ತದೆ, ಫಿಲ್ಟರ್ ಹಾಕಿದರೆ ಅದೂ ಮಾಯ.

ಕ್ಯಾರಿನಾ ನೀಹಾರಿಕೆಗೂ ಫಿಲ್ಟರ್ ಚೆನ್ನಾಗಿ ಹೊಂದುತ್ತದೆ. ಅದು ನಮಗೆ 18 ಡಿಗ್ರಿಯಷ್ಟೇ ಏರುತ್ತದೆ, ಆದರೆ ಎಂ 42ಗಿಂತ ದೊಡ್ಡದು. ಬೇಸಿಗೆ ಮಳೆ ಬಂದು ಹೋದ ಮರುರಾತ್ರಿ ಧೂಳು ತೊಳೆದಿರುತ್ತದೆ, ಆಗ ನೋಡಬೇಕು.

ಮೊದಲ ಅಮಾವಾಸ್ಯೆಯ ಶನಿವಾರ ಸಂಜೆ ಐದಕ್ಕೆ ಮುಳ್ಳೇರಿಯ ಪೇಟೆಯಲ್ಲಿ ಸೇರೋಣ. ಅಲ್ಲಿಂದ ಒಟ್ಟಿಗೆ ಹೋಗುವುದು. ಜಾಗದವರ ಒಪ್ಪಿಗೆ ಇದೆ. ಸ್ವೆಟರ್, ತಲೆಗೆ ಮಫ್ಲರ್, ಕೆಂಪು ಕಾಗದ ಅಂಟಿಸಿದ ಟಾರ್ಚ್, ಕುಡಿಯುವ ನೀರು ತನ್ನಿ. ಗಾಡಿಗಳನ್ನು ವಾಪಸ್ ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ನಡುರಾತ್ರಿ ಯಾರಾದರೂ ಹೊರಟರೆ ಹೆಡ್‌ಲೈಟ್ ಟೆಲಿಸ್ಕೋಪಿನ ಮೇಲೆ ಬೀಳಬಾರದು. ನೀರ್ಚಾಲಿನ ತಂಗಿ ಮನೆಯವರನ್ನೂ ಕರೆದುಕೊಂಡು ಬರಲಿ. ಕನ್ನಡಿ ಪೆಟ್ಟಿಗೆ ಎತ್ತಲು ಉಪ್ಪಳದವನ ಹೆಸರು ಬರೆದುಕೊಂಡಿದ್ದೇನೆ.

ಉಪ್ಪಳ ಕ್ಯಾಮೆರಾ

ಆಯ್ತು ಅಣ್ಣ. ನಾಲ್ಕೂವರೆಗೇ ಬರುತ್ತೇನೆ.